ಬಾಗಿಲಿಗೆ ಬರೆದ ತಾರೀಖು

ಇವತ್ತು ನಮ್ಮ ಬಾಗಿಲಿಗೆ ಆರೋಗ್ಯ ಕಾರ್ಯಕರ್ತೆ ಸೀಮೆಸುಣ್ಣದಲ್ಲಿ ತಾರೀಖು ಬರೆಯುವಾಗ ಆದ ಕಿರ್ ಸದ್ದಿಗೆ ಗುಳೇದಗುಡ್ಡದ ಒಂದು ಮಧ್ಯಾಹ್ನ ನೆನಪಾಯಿತು.

ಅಂದು ಆಶಾ ಕಾರ್ಯಕರ್ತೆಯರಿಬ್ಬರು ಓಣಿಯ ಎರಡೂ ತುದಿಯಿಂದ ಮನೆಮನೆಯ ನೀರಿನ ಹರವಿಗಳಲ್ಲಿ ಸೊಳ್ಳೆಮರಿ ಹುಡುಕುತ್ತ ಬರುತ್ತಿದ್ದರು. ಮರಿ ಕಂಡರೆ ನೀರು ಚೆಲ್ಲಿಸುತ್ತಿದ್ದರು. ನೋಡಿ ಮುಗಿದ ಮನೆಯ ಬಾಗಿಲಿಗೆ ತಾರೀಖು ಬರೆಯುತ್ತಿದ್ದರು.

"ನಳ ಬಂದು ಆರು ದಿನ ಆತು. ಇದ್ದ ನೀರೂ ಚೆಲ್ಲಿದ್ರ ಏನ್ ಕುಡಿಯೂದು?" ಎಂದು ಮಗ್ಗದ ಮುಂದೆ ಕೂತಿದ್ದ ಆಯಿ, ನನ್ನ ಅಜ್ಜಿ, ಗೊಣಗಿದಳು.

ನಾನು ಶಾಲೆಯ ಚೀಲದಿಂದ ಸೀಮೆಸುಣ್ಣ ತೆಗೆದು, ಎದುರು ಮನೆಯ ಬಾಗಿಲು ನೋಡಿಕೊಂಡು ನಮ್ಮದಕ್ಕೂ ಹಾಗೆಯೇ ಬರೆದೆ.

"ಈ ಮನಿ ಅಕ್ಕಾರು ನೋಡ್ಯಾರ" ಎನ್ನುತ್ತ ಇನ್ನೊಂದು ತುದಿಯಿಂದ ಬಂದ ಕಾರ್ಯಕರ್ತೆ ಮುಂದೆ ಹೋದಳು.

"ಭಾಳ ಶಾಣ್ಯಾಕಿ ಅದಿ ನೀ" ಎಂದು ಆಯಿ ನನ್ನ ಕೈಗೆ ಶೇಂಗಾ, ಬೆಲ್ಲ ಇಟ್ಟಳು.

ಎರಡು ವಾರದಲ್ಲಿ ಅವಳಿಗೆ ಚಿಕೂನ್‌ಗುನ್ಯಾ ಬಂತು. ಜ್ವರ ಇಳಿಯಿತು, ಬೆರಳ ಗಂಟುಗಳ ಬಾವು ಇಳಿಯಲಿಲ್ಲ. ತಿಂಗಳುಗಳ ಮೇಲೂ ಮಗ್ಗದಲ್ಲಿ ರೇಷ್ಮೆ ಎಳೆ ಹರಿದಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದಳು.

"ನನ್ನ ಬಟ್ಟು ಮಾತು ಕೇಳವಲ್ವು. ನೀ ಶಾಣ್ಯಾಕಿ, ಇದೊಂದು ಗಂಟು ಹಾಕವಾ."

ನಾನು ತಲೆ ಎತ್ತದೆ ಗಂಟು ಹಾಕುತ್ತಿದ್ದೆ.