ಇನ್ನಾಸಪ್ಪನ ಹೆಸರಿನ ಊಟ

ಕೊಲೆಯಾದ ಇನ್ನಾಸಪ್ಪನ ವರ್ಷದ ಪೂಜೆಗೆ ಆರು ಸೇರು ಅಕ್ಕಿ, ಮೂರು ಕೋಳಿ ಖರ್ಚಾದವು. ಚರ್ಚಿನಿಂದ ಬಂದ ಮೇಲೆ, ಸತ್ತವರ ಹೆಸರಿನಲ್ಲಿ ಮೊದಲು ಹಸಿದವರಿಗೆ ಬಡಿಸುವುದು ವಾಡಿಕೆ.

ಇನ್ನಾಸಪ್ಪನ ತಮ್ಮ ಚೌರಪ್ಪ ಹಿತ್ತಲಲ್ಲಿ ಮಚ್ಚು ಮಸೆಯುತ್ತಿದ್ದ. ಅಣ್ಣನನ್ನು ಕೊಂದವನು ಜಾಮೀನಿನ ಮೇಲೆ ಊರಿಗೆ ಬಂದಿದ್ದ.

"ಏಸುಸ್ವಾಮಿ ಇದನ್ನೇನೋ ಹೇಳ್ಕೊಟ್ಟಿದ್ದು?" ಎಂದು ಅವ್ವ ಕೇಳಿದಳು.

"ಏಸುಸ್ವಾಮಿಗೆ ಅಣ್ಣ ಇರ್ಲಿಲ್ಲ ಕಣವ್ವಾ."

"ನಂಗೆ ಇನ್ನಿರೋದು ನೀನೊಬ್ನೇ ಕಣೋ. ನೀನು ಜೈಲು ಸೇರಿದ್ರೆ ನನ್ ಗತಿ?"

ಅವನು ಮಸೆಯುತ್ತಲೇ ಇದ್ದ.

"ಅಣ್ಣನ ಹೆಸರಿನ ಊಟಾನಾದ್ರೂ ಬಡಿಸಿ ಹೋಗು. ಅದಕ್ಕೆ ಒಡಹುಟ್ಟಿದವನ ಕೈಯೇ ಆಗ್ಬೇಕು."

ಚೌರಪ್ಪ ಕೈ ತೊಳೆದು, ಅನ್ನದ ಪಾತ್ರೆ ಹಿಡಿದು ಚಪ್ಪರಕ್ಕೆ ಬಂದ. ಮೊದಲ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದವನು ಅಣ್ಣನನ್ನು ಕೊಂದವನೇ.

"ನಾನೇ ಕರ್ದೆ. ಊರಲ್ಲಿ ಯಾರೂ ಅವನಿಗೆ ಒಂದು ತುತ್ತು ಹಾಕ್ತಿಲ್ಲ," ಎಂದಳು ಅವ್ವ.

ಚೌರಪ್ಪ ಬಡಿಸಿದ. ಅವ್ವನಿಗೆ ಒಬ್ಬ ಮಗ ಉಳಿದ.