ಸೋದರತ್ತೆಯ ಪಟ್ಟಿ

ಕೂಸಿಗೆ ಹೆಸರಿಡುವ ದಿನ, ಬಾಣಂತಿ ಕೋಣೆಯ ಬಾಗಿಲಲ್ಲಿ ಫಕೀರವ್ವ ಉಸಿರಿನ ಪರೀಕ್ಷೆಗೆಂದು ಮೂಗಿಗೆ ಹಿಡಿದ ಮೂರನೆಯ ಕಾಗದದ ಪಟ್ಟಿಯೂ ಕೆಂಪಾಯಿತು. ಹನ್ನೊಂದು ವರ್ಷದಿಂದ ಅವಳ ಸೈನಸ್ ಊದಿಕೊಂಡೇ ಇದೆ. ಶತ್ರುವಿಲ್ಲದಿದ್ದರೂ ಅಲ್ಲಿಯ ಜೀವಕೋಶಗಳು 'ಬಂದರು, ಬಂದರು' ಎಂದು ಸೈಟೊಕೈನ್ ಎಂಬ ಎಚ್ಚರಿಕೆಯ ರಾಸಾಯನಿಕಗಳನ್ನು ಕಳಿಸುತ್ತಲೇ ಇರುತ್ತವೆ. ಆ ಸುದ್ದಿ ಉಸಿರಿನೊಡನೆ ಪಕ್ಕದವರ ಮೂಗಿಗೂ ದಾಟತೊಡಗಿದ ಮೇಲೆ, ಕೆಂಪು ಪಟ್ಟಿಯವರು ಕೂಸಿನ ಹತ್ತಿರ ಹೋಗುವಂತಿಲ್ಲ.

"ಹೆಸರು ಬ್ಯಾರೆ ಯಾರರ ಕರೀಲಿ, ನೀಲಾ," ಎಂದು ಹಿಂದೆ ಸರಿದಳು.

"ಸೋದರತ್ತಿ ಇರೂವಾಗ ಬ್ಯಾರೆಯವರು ಯಾಕ್ರೀ, ಅಕ್ಕಾರ?" ತಮ್ಮನ ಹೆಂಡತಿ ನೀಲಾ ನಕ್ಕಳು. "ಕೂಸಿಂದೂ ಕೆಂಪ ಐತಿ, ದವಾಖಾನಿಯೊಳಗ ಎರಡನೇ ದಿನದಿಂದ. ನಿಮ್ಮ ಮನಿ ಮೂಗು! ಬರ್ರಿ ಒಳಗ."

ಫಕೀರವ್ವ ಕೆಂಪು ಪಟ್ಟಿಯನ್ನು ಮುಷ್ಟಿಯೊಳಗೆ ಮುದುಡಿದಳು. ಹುಟ್ಟಿದ ದಿನವೇ ಕೂಸನ್ನು ಎತ್ತಿಕೊಳ್ಳುವ ಆಸೆಗೆ, ಅವಳು ದವಾಖಾನೆಯ ಬಾಗಿಲಲ್ಲಿ ಗಂಡನ ಬಿಳಿ ಪಟ್ಟಿಯನ್ನು ತನ್ನದೆಂದು ತೋರಿಸಿದ್ದಳು.

ತೊಟ್ಟಿಲಿಗೆ ಬಾಗಿದಳು. ಕೂಸು ಬಾಯಿ ತೆರೆದು ಉಸಿರಾಡುತ್ತಿತ್ತು. ಹೆಸರು ಹೇಳುವ ಮೊದಲು ಅದರ ಕಿವಿಯಲ್ಲಿ, "ನನ್ನಿಂದ ತಪ್ಪಾತು, ಕಂದಾ," ಎಂದು ಪಿಸುಗುಟ್ಟಿದಳು.

ಹೆಸರು ಕರೆದಾಯಿತೆಂದುಕೊಂಡು, ತೊಟ್ಟಿಲ ಸುತ್ತ ನೆರೆದಿದ್ದ ಹೆಂಗಸರು ವಾಡಿಕೆಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು.

"ಇನ್ನೂ ಜೋರ ಗುದ್ದ್ರಿ," ಎಂದಳು ಫಕೀರವ್ವ.