ದಾರಿ ಬಿಡದ ಕಿಲೆಯೊ

ಮೂರನೆಯ ಸಿಂಹ ಕಂಡಾಗಲೂ ಆಕೆ ಕ್ಯಾಮೆರಾ ಎತ್ತಲಿಲ್ಲ. ಚಾಲಕ ಕಿಲೆಯೊನಿಗೆ ಉಳಿದಿದ್ದ ಚೂರುಪಾರು ಸಂದೇಹವೂ ತೀರಿತು. ಹಿಂದಿನ ಸೀಟಿನಲ್ಲಿರುವ ರುಕಿಯಾ ಎಂಬ ಈ ದಾರೆಸ್ಸಲಾಮಿನ ಹೆಂಗಸು ಪ್ರವಾಸಿಯಲ್ಲ, ಸಫಾರಿ ಕಂಪನಿ ಗುಟ್ಟಾಗಿ ಕಳಿಸಿದ ಪರೀಕ್ಷಕಿ. ಇಲ್ಲದಿದ್ದರೆ ಐದು ಗಾಡಿ ಬಿಟ್ಟು ಇವನದನ್ನೇ ಕೇಳಿ ಹತ್ತುತ್ತಿದ್ದಳೇ?

ಮುಖ್ಯ ಚಾಲಕನ ಹುದ್ದೆ ಖಾಲಿಯಾಗಿತ್ತು. ಅತಿಥಿಯ ವೇಷದಲ್ಲಿ ಯಾರೋ ಬಂದು ಆಯ್ಕೆ ಮಾಡುತ್ತಾರೆಂದು ಚಾಲಕರೆಲ್ಲ ಗುಸುಗುಸು ಮಾತಾಡಿಕೊಂಡಿದ್ದರು. ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದಲ್ಲಿ ಹತ್ತೊಂಬತ್ತು ವರ್ಷ ಗಾಡಿ ಓಡಿಸಿದ ಕಿಲೆಯೊ ಆ ಹುದ್ದೆಗಾಗಿ ಬಾಯಿ ಬಾಯಿ ಬಿಡುತ್ತಿದ್ದ. ತೊಡಕು ಒಂದೇ. ಮಣ್ಣುದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದೆಂಬ ನಿಯಮವನ್ನು ಅವನಷ್ಟು ಸಲ ಮುರಿದವರು ಇನ್ನೊಬ್ಬರಿರಲಿಲ್ಲ. ಮಲಗಿದ ಸಿಂಹದ ಮೀಸೆ ಎಣಿಸುವಷ್ಟು ಹತ್ತಿರ ಗಾಡಿ ನಿಲ್ಲಿಸುವ ಭೂಪ ಅವನು.

ಅಂಥವನು ಇವತ್ತು ಬೆಳಗಿನಿಂದ ಸಾಧು. ಆಮೆಗೂ ದಾರಿ ಬಿಟ್ಟ. ಆನೆಮರಿ ಕಂಡರೆ ಎಂಜಿನ್ ಆರಿಸಿದ. ಕೇಳದಿದ್ದರೂ ಉದ್ಯಾನದ ನಿಯಮಗಳನ್ನು ಮಗ್ಗಿಯಂತೆ ಒಪ್ಪಿಸಿದ.

ಅಷ್ಟರಲ್ಲಿ ವೈರ್‌ಲೆಸ್‌ನಲ್ಲಿ ಟೆಮು ಎಂಬ ಇನ್ನೊಬ್ಬ ಚಾಲಕ ಕೂಗಿದ. "ಚಿರತೆ! ಹಳ್ಳದ ಹತ್ರ ಜಾಲಿಮರದ ಮೇಲೆ. ಬೇಗ ಬನ್ರೋ!"

ಇವರು ಹೋಗುವಷ್ಟರಲ್ಲಿ ಟೆಮು ಹುಲ್ಲು ಸೀಳಿಕೊಂಡು ಮರದ ಬುಡಕ್ಕೇ ಗಾಡಿ ನುಗ್ಗಿಸಿದ್ದ. ಅವನ ಅತಿಥಿಗಳು ಹೋ ಎಂದು ಕೂಗುತ್ತಿದ್ದರು. ಕಿಲೆಯೊ ದಾರಿಯಲ್ಲೇ ನಿಂತ. ಅಲ್ಲಿಂದ ಚಿರತೆ ಕೊಂಬೆಗೆ ಸಿಕ್ಕಿಕೊಂಡ ಹಳೇ ಬಟ್ಟೆಯಂತೆ ಕಾಣುತ್ತಿತ್ತು.

"ಹತ್ರ ಹೋಗೋಣ್ವಾ?" ರುಕಿಯಾ ಕೇಳಿದಳು.

"ಹೋಗಬಾರ್ದಮ್ಮಾ. ಹುಲ್ಲು ಹಾಳಾಗುತ್ತೆ, ಪ್ರಾಣಿ ಬೆದರುತ್ತೆ."

"ರೇಂಜರ್ ಯಾರೂ ಇಲ್ವಲ್ಲ. ಯಾರು ನೋಡ್ತಾರೆ?"

ಆಹಾ, ಎಂಥ ಬಲೆ! "ದೇವರು ನೋಡ್ತಾನಮ್ಮಾ" ಎಂದ ಕಿಲೆಯೊ. ಚರ್ಚಿನ ಮೆಟ್ಟಿಲು ತುಳಿದು ಎಷ್ಟು ವರ್ಷವಾಯಿತೆಂದು ಅವನಿಗೇ ನೆನಪಿರಲಿಲ್ಲ.

ವೈರ್‌ಲೆಸ್‌ನಲ್ಲಿ ಟೆಮುವಿನ ದನಿ ಮತ್ತೆ ಗೊರಗುಟ್ಟಿತು. "ಏನಣ್ಣಾ ಕಿಲೆಯೊ, ಟೈರಿಗೆ ಹುಲ್ಲು ಚುಚ್ಚುತ್ತಾ? ಯಾವಾಗಿಂದ ಪಾದ್ರಿ ಆದೆ?"

ಗೇರಿನ ಮೇಲಿದ್ದ ಕೈ ತುರಿಸಿತು. ಹಲ್ಲು ಕಚ್ಚಿ ಸಹಿಸಿಕೊಂಡ. ಕನ್ನಡಿಯಲ್ಲಿ ನೋಡಿದರೆ ಆಕೆ ಟೆಮುವಿನ ಗಾಡಿಯ ನಂಬರು ಬರೆದುಕೊಳ್ಳುತ್ತಿದ್ದಳು. ನಿನ್ನ ಕತೆ ಮುಗೀತು ಮಗನೇ, ಎಂದುಕೊಂಡ ಕಿಲೆಯೊನಿಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಸಂಜೆ ಗೇಟಿನಲ್ಲಿ ಮ್ಯಾನೇಜರು ಕಾದು ನಿಂತಿದ್ದ. ಕಿಲೆಯೊ ಇಳಿದು ಬಾಗಿಲು ತೆರೆದು, ಹೊಸ ಮದುಮಗನ ಹಾಗೆ ತಲೆ ತಗ್ಗಿಸಿ ನಿಂತ. ರುಕಿಯಾ ಸೀರೆಯಂತೆ ಸುತ್ತಿಕೊಂಡಿದ್ದ ಬಣ್ಣದ ಬಟ್ಟೆಯ ಧೂಳು ಕೊಡವಿ ನೇರ ಮ್ಯಾನೇಜರನ ಬಳಿಗೆ ಹೋದಳು.

"ಅತಿಥಿಗಳನ್ನ ಸಿಂಹದ ಬಾಯಿಗೇ ಒಯ್ದು ಕೂರಿಸೋ ಗಟ್ಟಿಗ ಅಂತ ನೀವು ಬರೆದಿದ್ದಕ್ಕೇ ಕಿಲೆಯೊ ಹೆಸರಿಗೆ ನೇಮಕದ ಪತ್ರ ಮಾಡಿಸ್ಕೊಂಡೇ ಬಂದಿದ್ದೆ, ಈಗ ಹೆಸರು ತಿದ್ದಬೇಕು, ಚಿರತೆ ಇದ್ದ ಮರದ ಬುಡಕ್ಕೇ ಗಾಡಿ ನುಗ್ಗಿಸಿದನಲ್ಲ, ಈ ನಂಬರಿನ ಗಾಡಿ ಡ್ರೈವರ್ ಹೆಸರೇನು?"